ಮ್ಯೂಸ್‌ಸ್ಕೋರ್‌ನಲ್ಲಿ ಕನ್ನಡ ಸಾಹಿತ್ಯ: ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತಿದೆ, ಫಾಂಟ್ ಒಂದೊಂದು ಕಡೆ ಒಂದೊಂದು ಥರ

ಕರಾವಳಿ ಟೆನರ್

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಚರ್ಚ್ ಕಾಯರ್‌ಗೆ ಹಾಡಿನ ಹಾಳೆ ತಯಾರು ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ಸೊಪ್ರಾನೊ, ಆಲ್ಟೊ, ಟೆನರ್, ಬೇಸ್ ಅಂತ ನಾಲ್ಕು ದನಿ. ಎರಡು ಸ್ಟಾಫ್, ಅಂದರೆ ನೋಟ್ ಬರೆಯುವ ಐದೈದು ಗೆರೆಯ ಎರಡು ಪಟ್ಟಿ, ನಡುವೆ ಕನ್ನಡ ಸಾಹಿತ್ಯ. ಇಷ್ಟು ವರ್ಷ ಜೆರಾಕ್ಸಿನ ಜೆರಾಕ್ಸ್ ಹಿಡಿದುಕೊಂಡು ಹಾಡುತ್ತಿದ್ದೆವು. ನೋಟಿನ ತಲೆ ಗೆರೆಯ ಮೇಲುಂಟಾ, ಎರಡು ಗೆರೆಯ ನಡುವೆ ಉಂಟಾ ಅಂತ ಪಕ್ಕದವರನ್ನು ಕೇಳಬೇಕು. ಈ ಕ್ರಿಸ್ಮಸ್‌ಗಾದರೂ ಓದಲು ಬರುವ ಹಾಳೆ ಕೊಡೋಣ ಅಂತ ಕಂಪ್ಯೂಟರಿನಲ್ಲಿ ಸಂಗೀತದ ಹಾಳೆ ಬರೆಯುವ ತಂತ್ರಾಂಶ ಮ್ಯೂಸ್‌ಸ್ಕೋರ್ 4 ಹಾಕಿಕೊಂಡೆ.

ನೋಟ್ ಹಾಕುವುದು ಕಷ್ಟ ಇಲ್ಲ ಮಾರಾಯ್ರೆ, ಅದು ಬೇಗ ಕೈಗೆ ಹತ್ತಿತು. ರಗಳೆ ಎಲ್ಲ ಅಕ್ಷರದ್ದು.

ನನ್ನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಒಂದು ಥರ ಕಾಣುವ ಫೈಲ್ ನಮ್ಮ ಆರ್ಗನ್ ನುಡಿಸುವವರ ಮ್ಯಾಕ್‌ನಲ್ಲಿ ಬೇರೆಯೇ ಕಾಣುತ್ತದೆ. ಅಕ್ಷರ ದಪ್ಪ, ಅಗಲ ಜಾಸ್ತಿ. ನನ್ನಲ್ಲಿ ನಾಲ್ಕು ಬಾರ್ (ಎರಡು ನಿಂತ ಗೆರೆಗಳ ನಡುವಿನ ಭಾಗ) ಹಿಡಿಯುವ ಸಾಲು ಅವರಲ್ಲಿ ಮೂರಕ್ಕೇ ಮುರಿಯುತ್ತದೆ. ಆಮೇಲೆ ಒಂದನೇ ಚರಣದಲ್ಲಿ ‘ಸ್ತೋತ್ರ’ ಇದ್ದು ಅದರ ಕೆಳಗೆ ಎರಡನೇ ಚರಣದ ‘ಕೀರ್ತಿ’ ಬಂದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ಹೋಗಿ ಕೂರುತ್ತದೆ. ಒಂದೊಂದೇ ಪದ ಹಿಡಿದು ಕೆಳಗೆ ಎಳೆದರೆ ಆ ಸಾಲು ಸರಿಯಾಗುತ್ತದೆ, ಪಕ್ಕದ ಪದ ಏರುಪೇರು. ಹಾಡು ಒಂದೇ ಪುಟಕ್ಕೆ ಬರಲಿ ಅಂತ ಪೇಜ್ ಸೆಟ್ಟಿಂಗ್ಸ್‌ಗೆ ಹೋಗಿ ಸ್ಟಾಫ್ ಸ್ಪೇಸ್, ಅಂದರೆ ಗೆರೆಗಳ ನಡುವಿನ ಅಂತರ, ಕಡಿಮೆ ಮಾಡಿದರೆ ಸಾಹಿತ್ಯವೂ ಜೊತೆಗೆ ಸಣ್ಣದಾಗುತ್ತದೆ. ಬೇಸ್ ಸಾಲಿನ ಹಿರಿಯರು ಈಗಲೇ ಹಾಳೆಯನ್ನು ಕೈ ನೀಟಿ ದೂರ ಹಿಡಿದು ಓದುತ್ತಾರೆ. ಇನ್ನೂ ಸಣ್ಣದು ಮಾಡಿದರೆ ನನ್ನನ್ನು ಸುಮ್ನೆ ಬಿಡುವವರಲ್ಲ.

ಈಗ ನಾನು ಪದ ಆಯ್ದು, ಬಲಕ್ಕೋ ಎಡಕ್ಕೋ ಇರುವ ಪ್ರಾಪರ್ಟೀಸ್ ಪ್ಯಾನೆಲ್‌ನಲ್ಲಿ ಫಾಂಟ್ ಮತ್ತು ಅಳತೆ ಬದಲಿಸುತ್ತಿದ್ದೇನೆ. ಹೊಸ ಹಾಡು ತೆಗೆದರೆ ಎಲ್ಲ ಮೊದಲಿಂದ. ಇದಕ್ಕೆ ಒಂದೇ ಕಡೆ ಹೇಳಿ ಮುಗಿಸುವ ದಾರಿ ಉಂಟಾ?

ಇನ್ನೊಂದು. ಕೆಲವು ಹಾಡಿನ ಸಾಹಿತ್ಯ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಫೈಲಿನಲ್ಲಿ ಉಂಟು. ಅಲ್ಲಿಂದ ಕಾಪಿ ಮಾಡಿ ಹಾಕಿದರೆ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ ಬರುತ್ತದೆ.

ಐದು ಗೆರೆ

ಟೆನರ್ ಅವರೇ, ಪದ ಪದ ಹಿಡಿದು ಬದಲಿಸುವುದನ್ನು ಇವತ್ತೇ ನಿಲ್ಲಿಸಿಬಿಡಿ. ಮೈಸೂರಿನಲ್ಲಿ ಶಾಲೆ ಮಕ್ಕಳ ವೃಂದಗಾನಕ್ಕೆ ಹಾಳೆ ಹಾಕಿಕೊಡುವುದು ನನ್ನ ಪಾಡು. ಅಲ್ಲಿ ಕೊನೇ ಗಳಿಗೆಯಲ್ಲಿ ‘ಸ್ವಲ್ಪ ದೊಡ್ಡ ಅಕ್ಷರ ಮಾಡಿ ಸಾರ್’ ಅನ್ನದ ಟೀಚರ್ ಇಲ್ಲ. ಎಲ್ಲವನ್ನೂ ಸ್ಟೈಲ್‌ಗೆ (ಇಡೀ ಹಾಳೆಗೆ ಒಂದೇ ಕಡೆ ಇಡುವ ಸೆಟ್ಟಿಂಗ್) ಒಪ್ಪಿಸಿದ್ದರೆ ಆ ಮಾತಿಗೆ ಅರ್ಧ ನಿಮಿಷದ ಕೆಲಸ. ಒಪ್ಪಿಸದಿದ್ದರೆ ಅರ್ಧ ದಿನ.

ಮೊದಲು ಫಾಂಟ್ ಯಾಕೆ ಬದಲಾಗುತ್ತದೆ ಅನ್ನುವುದು. ಮ್ಯೂಸ್‌ಸ್ಕೋರ್ 4ರಲ್ಲಿ ಬರಹಕ್ಕೆ ತಾನಾಗಿ ಬರುವ ಫಾಂಟ್ ಎಡ್ವಿನ್. ಅದರಲ್ಲಿ ಕನ್ನಡ ಅಕ್ಷರವೇ ಇಲ್ಲ. ನೀವು ಕನ್ನಡ ಟೈಪ್ ಮಾಡಿದಾಗ ಕಂಪ್ಯೂಟರು ತನ್ನ ಹತ್ತಿರ ಇರುವ ಯಾವುದೋ ಕನ್ನಡ ಫಾಂಟ್ ತಂದು ತುಂಬುತ್ತದೆ. ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ನಿರ್ಮಲಾ ಯುಐ ಅಥವಾ ತುಂಗಾ. ಮ್ಯಾಕ್‌ನಲ್ಲಿ ಕನ್ನಡ ಎಂಎನ್ ಅಥವಾ ಕನ್ನಡ ಸಂಗಮ್ ಎಂಎನ್. ಪ್ಯಾನೆಲ್‌ನಲ್ಲಿ ಮಾತ್ರ ಎಡ್ವಿನ್ ಅಂತಲೇ ತೋರಿಸುತ್ತಿರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಒಂದೊಂದು ಫಾಂಟಿನ ಅಗಲ ಬೇರೆ. ಅಗಲ ಬೇರೆಯಾದರೆ ನೋಟುಗಳ ನಡುವಿನ ಜಾಗ ಬೇರೆ, ಸಾಲು ಮುರಿಯುವ ಜಾಗವೂ ಬೇರೆ.

ಹಾಗಾಗಿ ಕನ್ನಡ ಇರುವ ಒಂದು ಫಾಂಟಿನ ಹೆಸರನ್ನು ಸ್ಟೈಲ್‌ನಲ್ಲಿ ಬಾಯಿಬಿಟ್ಟು ಹೇಳಬೇಕು. ನಾನು ನೋಟೊ ಸೆರಿಫ್ ಕನ್ನಡ ಬಳಸುತ್ತೇನೆ. ಉಚಿತ, ಗೂಗಲ್ ಫಾಂಟ್ಸ್‌ನಲ್ಲಿ ಸಿಗುತ್ತದೆ. ಡೌನ್‌ಲೋಡ್ ಮಾಡಿದ ಜಿಪ್‌ನಲ್ಲಿ ಸ್ಟ್ಯಾಟಿಕ್ ಅನ್ನುವ ಫೋಲ್ಡರ್ ಇದ್ದರೆ ಅದರಿಂದ ರೆಗ್ಯುಲರ್ ಮತ್ತು ಬೋಲ್ಡ್ ಎರಡನ್ನೇ ಹಾಕಿ. ಎಲ್ಲ ದಪ್ಪವನ್ನೂ ಒಂದರಲ್ಲೇ ತುಂಬಿದ ವೇರಿಯಬಲ್ ಫೈಲ್ ತಂಟೆಗೆ ಹೋಗದಿದ್ದರೆ ಪಿಡಿಎಫ್ ಮಾಡುವಾಗ ತಲೆನೋವು ಕಡಿಮೆ. ಟೀರೊ ಕನ್ನಡವೂ ಚೆನ್ನಾಗಿದೆ, ಪುಸ್ತಕದ ಅಕ್ಷರದ ಹಾಗೆ ಕಾಣುತ್ತದೆ. ಫಾಂಟ್ ಹಾಕಿದ ಮೇಲೆ ಮ್ಯೂಸ್‌ಸ್ಕೋರ್ ಮುಚ್ಚಿ ಮತ್ತೆ ತೆರೆಯಿರಿ.

ಈಗ ಫಾರ್ಮ್ಯಾಟ್ ಮೆನು, ಅದರಲ್ಲಿ ಸ್ಟೈಲ್. ತೆರೆಯುವ ಕಿಟಕಿಯ ಎಡಗಡೆ ಪಟ್ಟಿಯಲ್ಲಿ ಕೆಳಗೆ ಟೆಕ್ಸ್ಟ್ ಸ್ಟೈಲ್ಸ್ ಇದೆ. ಅಲ್ಲಿ ಟೈಟಲ್, ಕಂಪೋಸರ್, ಟೆಂಪೊ ಹೀಗೆ ಒಂದೊಂದು ಬಗೆಯ ಬರಹಕ್ಕೂ ಒಂದೊಂದು ಹೆಸರು. ಸಾಹಿತ್ಯಕ್ಕೆ ಎರಡಿವೆ: ಲಿರಿಕ್ಸ್ ಆಡ್ ಲೈನ್ಸ್, ಲಿರಿಕ್ಸ್ ಈವನ್ ಲೈನ್ಸ್. ಒಂದು, ಮೂರು, ಐದನೇ ಸಾಲಿಗೆ ಮೊದಲನೆಯದು. ಎರಡು, ನಾಲ್ಕಕ್ಕೆ ಇನ್ನೊಂದು. ಸುಮಾರು ಜನ ಒಂದನ್ನು ಬದಲಿಸಿ ‘ಎರಡನೇ ಚರಣ ಮಾತ್ರ ಹಾಗೇ ಇದೆಯಲ್ಲ’ ಅಂತ ಕೂರುತ್ತಾರೆ. ಎರಡಕ್ಕೂ ಫಾಂಟ್ ಕೊಡಿ. ಅಳತೆ ಮೊದಲಿಗೆ 10 ಪಾಯಿಂಟ್ ಇರುತ್ತದೆ. ನೋಟಿನ ಹೊಟ್ಟೆಯ ಕೆಳಗೆ ಕನ್ನಡ ಓದಲು 10 ಸಾಲದು. ನನ್ನದು 12. ನಿಮ್ಮ ಬೇಸ್ ಹಿರಿಯರಿಗೆ 13 ಕೊಟ್ಟು ನೋಡಿ.

ಅದೇ ಪುಟದಲ್ಲಿ ಅಳತೆಯ ಹತ್ತಿರವೇ ಫಾಲೋ ಸ್ಟಾಫ್ ಸೈಜ್ ಅಂತ ಒಂದು ಟಿಕ್ ಇದೆ. ಸ್ಟಾಫ್ ಕುಗ್ಗಿದರೆ ಅಕ್ಷರವೂ ಕುಗ್ಗುವುದು ಅದರಿಂದಲೇ. ಎರಡೂ ಲಿರಿಕ್ಸ್ ಸ್ಟೈಲ್‌ಗಳಲ್ಲಿ ಟಿಕ್ ತೆಗೆಯಿರಿ. ಆಮೇಲೆ ಸ್ಟಾಫ್ ಎಷ್ಟೇ ಸಣ್ಣದು ಮಾಡಿದರೂ 13 ಅಂದರೆ 13. ಆದರೆ ಗೆರೆ ಸಣ್ಣ, ಅಕ್ಷರ ದೊಡ್ಡದು ಆಗುತ್ತಾ ಹೋದರೆ ಅಕ್ಷರಗಳು ನೋಟುಗಳನ್ನು ದೂರ ತಳ್ಳುತ್ತವೆ, ಒಂದೇ ಪುಟದ ಆಸೆ ಅಲ್ಲಿಗೆ ಮುಗಿಯಿತು. ಕಾಯರ್ ಹಾಳೆ ಎರಡು ಪುಟ ಆದರೆ ಆಗಲಿ ಬಿಡಿ. ಎದುರು ಬದುರು ಪುಟ ಮಾಡಿದರೆ ತಿರುಗಿಸುವ ಕೆಲಸವೂ ಇಲ್ಲ.

ಇನ್ನು ಒತ್ತಿನ ಜಗಳ. ಇದು ಕನ್ನಡದಂಥ ಲಿಪಿಗಳ ತೊಂದರೆ. ರೋಮನ್ ಅಕ್ಷರದಲ್ಲಿ ಕೆಳಗೆ ಇಳಿಯುವುದು ಒಂದು ಬಾಲ, ಅಷ್ಟೆ. ನಮ್ಮಲ್ಲಿ ‘ಶಾಸ್ತ್ರ’ ತಗೊಳ್ಳಿ. ಸಕಾರದ ಕೆಳಗೆ ತಕಾರ, ಅದರ ಪಕ್ಕಕ್ಕೆ ಇನ್ನೂ ಕೆಳಗೆ ಜಾರಿದ ರಕಾರ. ಅದರ ಅಡಿಯಲ್ಲಿ ‘ಕೀ’ ಬಂದರೆ ತಲೆಯ ಮೇಲಿನ ಗುಡಿಸು ಬೇರೆ. ಇದಕ್ಕೆ ಪದ ಎಳೆಯಬೇಡಿ. ಅದೇ ಸ್ಟೈಲ್ ಕಿಟಕಿಯಲ್ಲಿ ಲಿರಿಕ್ಸ್ ಅನ್ನುವ ಬೇರೆ ಪುಟ ಇದೆ, ಟೆಕ್ಸ್ಟ್ ಸ್ಟೈಲ್ಸ್ ಒಳಗೆ ಹುಡುಕಬೇಡಿ. ಅಲ್ಲಿ ಲೈನ್ ಹೈಟ್ ಅನ್ನುವುದನ್ನು ಏರಿಸಿ. ನಾನು ಮೂಲದ ಒಂದೂಕಾಲು ಪಟ್ಟು ಇಡುತ್ತೇನೆ. ಪರೀಕ್ಷೆಗೆ ಒಂದು ನೋಟಿನ ಕೆಳಗೆ ಮೊದಲ ಸಾಲಿನಲ್ಲಿ ‘ಸ್ತ್ರ’, ಎರಡನೇ ಸಾಲಿನಲ್ಲಿ ‘ಕೀ’ ಹಾಕಿ. ಅವೆರಡರ ನಡುವೆ ಬೆಳಕು ಕಂಡರೆ ಬೇರೆ ಯಾವ ಪದಕ್ಕೂ ಹೆದರಬೇಕಿಲ್ಲ. ಅದೇ ಪುಟದಲ್ಲಿ ಮಿನಿಮಮ್ ಡಿಸ್ಟೆನ್ಸ್ ಇದೆ, ಅದು ಅಕ್ಕಪಕ್ಕದ ಅಕ್ಷರಗಳ ನಡುವಿನ ಜಾಗ. ಪುಟ್ಟ ಪುಟ್ಟ ನೋಟುಗಳ ಓಟ ಇರುವ ಹಾಡಿದ್ದರೆ ಮಾತ್ರ ಮುಟ್ಟಿ.

ನೀವು ಈಗಾಗಲೇ ಕೈಯಿಂದ ಬದಲಿಸಿರುವ ಪದಗಳು ಸ್ಟೈಲ್ ಮಾತು ಕೇಳುವುದಿಲ್ಲ. ಫಾರ್ಮ್ಯಾಟ್ ಮೆನುವಿನಲ್ಲಿ ರೀಸೆಟ್ ಟೆಕ್ಸ್ಟ್ ಸ್ಟೈಲ್ ಓವರ್‌ರೈಡ್ಸ್ ಒತ್ತಿದರೆ ಎಲ್ಲವೂ ಸಾಲಿಗೆ ಬರುತ್ತವೆ. ಎಲ್ಲವೂ ಅಂದರೆ ಎಲ್ಲವೂ, ನೀವು ಟೆಂಪೊ ಬರಹಕ್ಕೆ ಬೇಕಂತಲೇ ಕೊಟ್ಟ ಅಳತೆ ಕೂಡ. ಅದನ್ನು ಉಳಿಸಬೇಕಿದ್ದರೆ ಒಂದು ಸಾಹಿತ್ಯದ ಪದದ ಮೇಲೆ ಬಲ ಕ್ಲಿಕ್ ಮಾಡಿ, ಸೆಲೆಕ್ಟ್‌ನಲ್ಲಿ ಅದೇ ಬಗೆಯವನ್ನೆಲ್ಲ ಆಯ್ದು, ಅವನ್ನು ಮಾತ್ರ ಪ್ರಾಪರ್ಟೀಸ್‌ನಿಂದ ಡಿಫಾಲ್ಟ್‌ಗೆ ತನ್ನಿ.

ಎಲ್ಲ ಸರಿಯಾದ ಮೇಲೆ ಫಾರ್ಮ್ಯಾಟ್‌ನಲ್ಲಿ ಸೇವ್ ಸ್ಟೈಲ್. ಒಂದು ಚಿಕ್ಕ ಫೈಲ್ ಆಗುತ್ತದೆ. ಮುಂದಿನ ಹಾಡಿಗೆ ಲೋಡ್ ಸ್ಟೈಲ್ ಅಂದರೆ ಸಾಕು. ಅದೂ ಬೇಡ ಅಂದರೆ ಪ್ರಿಫರೆನ್ಸಸ್‌ನ ಸ್ಕೋರ್ ಪುಟದಲ್ಲಿ ಆ ಫೈಲಿನ ದಾರಿ ಕೊಟ್ಟುಬಿಡಿ, ಹೊಸ ಹಾಳೆಗಳೆಲ್ಲ ಹುಟ್ಟುತ್ತಲೇ ಹಾಗೆ ಹುಟ್ಟುತ್ತವೆ. ಆರ್ಗನ್‌ನವರಿಗೆ ಪಿಡಿಎಫ್ ಕಳಿಸಿದರೆ ಫಾಂಟ್ ಅದರೊಳಗೇ ಹೋಗುತ್ತದೆ. ಮ್ಯೂಸ್‌ಸ್ಕೋರ್ ಫೈಲನ್ನೇ ಕಳಿಸಿದರೆ ಫಾಂಟ್ ಹೋಗುವುದಿಲ್ಲ. ಅವರೂ ಅದೇ ಫಾಂಟ್ ಹಾಕಿಕೊಳ್ಳಬೇಕು.

ನುಡಿಯ ಹಳೇ ಫೈಲು ಯೂನಿಕೋಡ್ ಅಲ್ಲ. ಅದರೊಳಗೆ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳೇ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ. ಮೊದಲು ಬದಲಿಸಿ, ಅರ್ಕಾವತ್ತು ಇರುವ ಪದಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಆಮೇಲೆ ತನ್ನಿ. ತರುವುದು ಹೇಗೆ ಅಂದರೆ, ನೋಟ್‌ಪ್ಯಾಡಿನಲ್ಲಿ ಅಕ್ಷರಗಳ ನಡುವೆ ಅಡ್ಡಗೆರೆ, ಪದಗಳ ನಡುವೆ ಸ್ಪೇಸ್ ಹಾಕಿಟ್ಟುಕೊಂಡು ಕಾಪಿ ಮಾಡಿ. ಮೊದಲ ನೋಟ್ ಆಯ್ದು ಕಂಟ್ರೋಲ್ ಎಲ್ ಒತ್ತಿ, ಕಂಟ್ರೋಲ್ ವಿ ಒತ್ತುತ್ತಾ ಹೋಗಿ. ಒಂದೊಂದು ಒತ್ತಿಗೆ ಒಂದೊಂದು ತುಂಡು ಒಂದೊಂದು ನೋಟಿನ ಕೆಳಗೆ ಇಳಿಯುತ್ತದೆ. ಸ್ಪೇಸ್ ಒತ್ತಿದ ಮೇಲೆ ಪದ ಕನ್ನಡವಾಗುವ ಕೀಬೋರ್ಡ್ ನಿಮ್ಮದಾಗಿದ್ದರಂತೂ ಇದೇ ದಾರಿ. ಯಾಕೆಂದರೆ ಇಲ್ಲಿ ಸ್ಪೇಸ್ ಅಂದರೆ ‘ಮುಂದಿನ ನೋಟಿಗೆ ನಡಿ’ ಅಂತ.

ಧಾರವಾಡ ಪೇಡೆ

ಐದು ಗೆರೆ ಅವರ ಮಾತು ಬಹಳ ಉಪಯೋಗ ಆಯ್ತು ನೋಡ್ರಿ. ಇದಕ್ಕೇ ಹತ್ತಿದ ನನ್ನದೊಂದು ಪ್ರಶ್ನೆ. ನಾನು ಹಾರ್ಮೋನಿಯಂ ಹುಡುಗರಿಗೆ ಸ್ಟಾಫ್ ಕೆಳಗೆ ಸರಿಗಮವನ್ನೂ ಬರೆದು ಕೊಡುತ್ತೇನೆ, ಹಿಂದೂಸ್ತಾನಿ ಸಂಗೀತದ ಭಾತಖಂಡೆ ಪದ್ಧತಿಯಲ್ಲಿ. ಕೋಮಲ ಸ್ವರಕ್ಕೆ ಅಡಿಗೆರೆ, ತಾರಕ್ಕೆ ಮೇಲೆ ಚುಕ್ಕಿ, ಮಂದ್ರಕ್ಕೆ ಕೆಳಗೆ ಚುಕ್ಕಿ, ತೀವ್ರ ಮಧ್ಯಮಕ್ಕೆ ತಲೆ ಮೇಲೆ ನಿಂತ ಗೆರೆ. ಅಡಿಗೆರೆ ಸುಲಭ, ಅಕ್ಷರ ಆಯ್ದು ಅಂಡರ್‌ಲೈನ್ ಒತ್ತಿದರೆ ಮುಗಿಯಿತು. ಚುಕ್ಕಿಯದೇ ಕಾಟ. ಯೂನಿಕೋಡಿನ ಕೂಡು ಚುಕ್ಕಿ (ಹಿಂದಿನ ಅಕ್ಷರಕ್ಕೆ ತಾನೇ ಅಂಟಿಕೊಳ್ಳುವ ಚುಕ್ಕಿ) ಹಾಕಿದರೆ ‘ಸ’ ಮೇಲೆ ನೆಟ್ಟಗೆ ಕೂರುತ್ತದೆ. ‘ರಿ’ ಮೇಲೆ ಹಾಕಿದರೆ ಒಂದು ಫಾಂಟಿನಲ್ಲಿ ಗುಡಿಸಿನ ಮೇಲೆ ಹತ್ತುತ್ತದೆ, ಇನ್ನೊಂದರಲ್ಲಿ ಪಕ್ಕಕ್ಕೆ ಚುಕ್ಕೆಗಳ ಉಂಗುರ ಬರುತ್ತದೆ.

ಐದು ಗೆರೆ

ಪೇಡೆಯವರೇ, ಕೂಡು ಚುಕ್ಕಿ ಬಿಟ್ಟುಬಿಡಿ. ಅದು ರೋಮನ್ ಅಕ್ಷರಗಳ ಜೊತೆ ಚೆನ್ನಾಗಿ ಹೊಂದುತ್ತದೆ. ಕನ್ನಡ ಫಾಂಟ್ ಮಾಡುವವರು ಅದು ಎಲ್ಲಿ ಕೂರಬೇಕು ಅಂತ ಹೇಳಿಟ್ಟಿದ್ದರೆ ಮಾತ್ರ ಸರಿಯಾಗಿ ಕೂರುತ್ತದೆ. ನೀವು ಸಾಹಿತ್ಯದ ಮೂರು ಸಾಲುಗಳನ್ನು ಬಳಸಿ. ಮೊದಲ ಸಾಲಿನಲ್ಲಿ ತಾರದ ಚುಕ್ಕಿ ಮಾತ್ರ, ಎರಡರಲ್ಲಿ ಸ್ವರ, ಮೂರರಲ್ಲಿ ಮಂದ್ರದ ಚುಕ್ಕಿ. ಒಂದು ಮತ್ತು ಮೂರು ಬೆಸ ಸಾಲು, ಎರಡು ಸಮ ಸಾಲು ಅಲ್ವಾ? ಹಾಗಾಗಿ ಚುಕ್ಕಿಗೆ ಒಂದು ಸ್ಟೈಲ್, ಸ್ವರಕ್ಕೆ ಇನ್ನೊಂದು ಸ್ಟೈಲ್ ತಾನಾಗಿ ಸಿಗುತ್ತದೆ. ಲೈನ್ ಹೈಟ್ ಇಲ್ಲಿ ಏರಿಸುವುದಲ್ಲ, ಇಳಿಸಬೇಕು, ಚುಕ್ಕಿ ಸ್ವರಕ್ಕೆ ಹತ್ತಿರ ಬರುವವರೆಗೆ. ಚುಕ್ಕಿಗೆ ಫುಲ್‌ಸ್ಟಾಪ್ ಹಾಕಬೇಡಿ, ಅದು ತಳಕ್ಕೆ ಕೂರುತ್ತದೆ. ನಡುಎತ್ತರದ ಚುಕ್ಕಿ ಹಾಕಿ. ನೋಡಲು ಅಂದವಾಗಿದೆ ಅಂತ ನಾನು ಹೇಳುವುದಿಲ್ಲ, ಆದರೆ ಯಾವ ಕಂಪ್ಯೂಟರಿನಲ್ಲೂ ಜಾರುವುದಿಲ್ಲ. ತೀವ್ರ ಮ ಅಪರೂಪಕ್ಕೆ ಬರುವ ರಾಗ ಆದರೆ ನಿಂತ ಗೆರೆಯನ್ನೂ ಅದೇ ಮೊದಲ ಸಾಲಿಗೆ ಹಾಕಿ. ಅದು ಮತ್ತೆ ಮತ್ತೆ ಬರುವ ಮಾರ್ವಾ, ಪೂರಿಯಾ ರಾಗ ಬರೆಯುವಾಗ ಸ್ವಲ್ಪ ಬೇಸರ ಬರುತ್ತದೆ, ಸಹಿಸಿಕೊಳ್ಳಿ.

ಪಿಟೀಲು ತಂತಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಾನು ಫಿನಾಲೆಯಲ್ಲಿ ಇದ್ದವಳು, ಅದೂ ಹೀಗೇ ಹಾಳೆ ಬರೆಯುವ ತಂತ್ರಾಂಶ. 2024ರ ಆಗಸ್ಟ್‌ನಲ್ಲಿ ಮೇಕ್‌ಮ್ಯೂಸಿಕ್ ಅದನ್ನು ನಿಲ್ಲಿಸುತ್ತೇವೆ ಅಂದಮೇಲೆ ಅದೇ ಥರದ ಇನ್ನೊಂದು, ಡೊರಿಕೊಗೆ ಬಂದೆ. ಅಲ್ಲೂ ಇದೇ ತತ್ವ, ಹೆಸರು ಬೇರೆ. ಲೈಬ್ರರಿ ಮೆನುವಿನಲ್ಲಿ ಫಾಂಟ್ ಸ್ಟೈಲ್ಸ್, ಪ್ಯಾರಾಗ್ರಾಫ್ ಸ್ಟೈಲ್ಸ್, ಕ್ಯಾರೆಕ್ಟರ್ ಸ್ಟೈಲ್ಸ್ ಅಂತ ಬಿಡಿಸಿ ಇಟ್ಟಿದ್ದಾರೆ. ಸಿಬೆಲಿಯಸ್‌ನವರಿಗೆ ಎಡಿಟ್ ಟೆಕ್ಸ್ಟ್ ಸ್ಟೈಲ್ಸ್. ಯಾವುದೇ ಇರಲಿ, ಕನ್ನಡಕ್ಕೆ ಫಾಂಟ್ ಹೆಸರು ಹೇಳುವುದು ತಪ್ಪುವುದಿಲ್ಲ.

ಆದರೆ ನನಗೆ ಫಾಂಟಿಗಿಂತ ದೊಡ್ಡ ಪ್ರಶ್ನೆ, ಪದ ಎಲ್ಲಿ ಒಡೆಯುತ್ತೀರಿ ಅನ್ನುವುದು. ‘ಕ್ರಿಸ್ತನು’ ಅನ್ನುವುದನ್ನು ಕ್ರಿಸ್-ತ-ನು ಅಂತ ಒಡೆದ ಹಾಳೆಗಳನ್ನು ನೋಡಿದ್ದೇನೆ. ಇಂಗ್ಲಿಷ್ ಹಾಡಿನ ಹಾಳೆ ನೋಡಿ ಕಲಿತವರು ಹಾಗೆ ಮಾಡುತ್ತಾರೆ.

ಐದು ಗೆರೆ

ಕ್ರಿ-ಸ್ತ-ನು. ಇದರಲ್ಲಿ ನಾನು ಹಟಮಾರಿ. ಒತ್ತಕ್ಷರ ಬಿಡಿಸಿದರೆ ಸಕಾರದ ತಲೆ ಮೇಲೆ ಅರ್ಧಾಕ್ಷರದ ಕೊಂಡಿ ಬಂದು ಕಣ್ಣಿಗೆ ಎಡವುತ್ತದೆ. ಅದಕ್ಕಿಂತ ಮುಖ್ಯವಾದದ್ದು ಹಾಡುವುದು. ‘ಕ್ರಿ’ಗೆ ಎರಡು ಬೀಟ್ ಉದ್ದದ ನೋಟ್ ಇದೆ ಅನ್ನಿ. ಕ್ರಿಸ್ ಅಂತ ಬರೆದರೆ ಮಕ್ಕಳು ಸಕಾರವನ್ನು ಬೇಗ ತಂದು, ಉಳಿದ ಹೊತ್ತೆಲ್ಲ ಹಾವಿನ ಹಾಗೆ ಬುಸ್ ಅನ್ನುತ್ತಾರೆ. ‘ಕ್ರಿ’ ಅಂತಷ್ಟೇ ಕಂಡರೆ ಸ್ವರ ಪೂರ್ತಿ ಎಳೆದು, ಸಕಾರವನ್ನು ಮುಂದಿನ ಬೀಟಿಗೆ ಸರಿಯಾಗಿ ಇಳಿಸುತ್ತಾರೆ. ಕಾಯರ್ ಕಲಿಸುವವರು ಗಂಟಲು ಹರಿದುಕೊಂಡು ಹೇಳುವುದೂ ಅದನ್ನೇ ತಾನೇ. ಸೊನ್ನೆ ಮಾತ್ರ ಬೇರೆ. ‘ಬಂದ’ ಅಂದರೆ ಬಂ-ದ, ಅದನ್ನು ಬಿಡಿಸಲು ಬರುವುದಿಲ್ಲ. ಉದ್ದ ನೋಟಿನಲ್ಲಿ ಸೊನ್ನೆ ಬೇಗ ಮುಚ್ಚಿಬಿಡುತ್ತಾರೆ, ಅದನ್ನು ಅಭ್ಯಾಸದಲ್ಲೇ ಬಾಯಲ್ಲಿ ಹೇಳಬೇಕು. ಒಂದೇ ಅಕ್ಷರ ಹಲವು ನೋಟುಗಳ ಮೇಲೆ ಎಳೆದರೆ ಅಂಡರ್‌ಸ್ಕೋರ್ ಒತ್ತಿ, ಗೆರೆ ತಾನಾಗಿ ಓಡುತ್ತದೆ.

ಪಿಟೀಲು ತಂತಿ

ಒಪ್ಪಿದೆ. ‘ಬುಸ್’ ನಮ್ಮಲ್ಲೂ ಇದೆ.

ಕರಾವಳಿ ಟೆನರ್

ಮಾರಾಯ್ರೆ, ದೊಡ್ಡ ಉಪಕಾರ ಆಯ್ತು. ನೋಟೊ ಸೆರಿಫ್ ಹಾಕಿದೆ, 13 ಕೊಟ್ಟೆ, ಆ ಟಿಕ್ ತೆಗೆದೆ. ‘ಸ್ತ್ರ’ದ ಕೆಳಗೆ ‘ಕೀ’ ಇಟ್ಟು ನೋಡಿದೆ, ನಡುವೆ ಬೆಳಕು ಬಂತು. ಓವರ್‌ರೈಡ್ಸ್ ತೆಗೆದಾಗ ‘ನಿಧಾನವಾಗಿ’ ಅಂತ ದಪ್ಪಕ್ಷರದಲ್ಲಿ ಇಟ್ಟಿದ್ದ ಸೂಚನೆ ಮಾಮೂಲಿಗೆ ಬಂತು, ಅದನ್ನು ಆಮೇಲೆ ಸರಿ ಮಾಡಿಕೊಂಡೆ. ಆರ್ಗನ್‌ನವರಿಗೂ ಅದೇ ಫಾಂಟ್ ಕಳಿಸಿದ್ದೇನೆ. ಈಗ ಇಬ್ಬರಲ್ಲೂ ಸಾಲಿಗೆ ನಾಲ್ಕೇ ಬಾರ್.

ಇನ್ನು ಎರಡು ಕೇಳಿ ನಿಲ್ಲಿಸುತ್ತೇನೆ. ಡಿಸೆಂಬರಿನಲ್ಲಿ ದುಬೈ, ಕುವೈತಿನಿಂದ ರಜೆಗೆ ಬರುವ ಮಕ್ಕಳು ನಮ್ಮ ಜೊತೆ ಹಾಡುತ್ತಾರೆ. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಅವರಿಗೆ ಕನ್ನಡದ ಕೆಳಗೇ ಇಂಗ್ಲಿಷ್ ಅಕ್ಷರದಲ್ಲಿ ಅದೇ ಪದ ಬೇಕು. ಮತ್ತೆ ‘ಸ್ತ್ರೀಯರು ಮಾತ್ರ’, ‘ಎಲ್ಲರೂ’ ಅಂತ ಅಲ್ಲಲ್ಲಿ ಬರೆಯಬೇಕು, ಅದು ಉಳಿದ ಬರಹಕ್ಕಿಂತ ಬೇರೆಯಾಗಿ ಎದ್ದು ಕಾಣಬೇಕು.

ಐದು ಗೆರೆ

ಮೊದಲನೆಯದಕ್ಕೆ ಬೆಸ-ಸಮದ ಆಟವೇ ಸಾಕು. ಒಂದನೇ ಸಾಲು ಕನ್ನಡ, ಎರಡನೇ ಸಾಲು ಅದರ ಇಂಗ್ಲಿಷ್ ರೂಪ. ಎರಡನೇ ಚರಣ ಇದ್ದರೆ ಮೂರು ಕನ್ನಡ, ನಾಲ್ಕು ಇಂಗ್ಲಿಷ್. ಆಡ್ ಲೈನ್ಸ್‌ಗೆ ನೋಟೊ ಸೆರಿಫ್ 13 ಹಾಗೇ ಇರಲಿ. ಈವನ್ ಲೈನ್ಸ್‌ಗೆ ಎಡ್ವಿನ್ 10, ಇಟಾಲಿಕ್ ಕೊಡಿ. ಕನ್ನಡಕ್ಕೆ ಮಾತ್ರ ಇಟಾಲಿಕ್ ಕೊಡಬೇಡಿ ದಯವಿಟ್ಟು. ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಅದಕ್ಕೆಂದೇ ಬರೆದ ಓರೆ ಅಕ್ಷರ ಇರುವುದಿಲ್ಲ, ತಂತ್ರಾಂಶ ನೆಟ್ಟಗಿನದನ್ನೇ ಹಿಡಿದು ಬಗ್ಗಿಸುತ್ತದೆ. ದುಂಡಗಿನ ಅಕ್ಷರ ಬಗ್ಗಿಸಿದರೆ ಬಿದ್ದಂತೆ ಕಾಣುತ್ತದೆ. ಎದ್ದು ಕಾಣಬೇಕಾದರೆ ಬೋಲ್ಡ್ ಇದೆಯಲ್ಲ.

ಇದನ್ನು ಬೇರೆ ಸ್ಟೈಲ್ ಫೈಲ್ ಆಗಿ ಉಳಿಸಿಕೊಳ್ಳಿ, ‘ಎರಡು ಲಿಪಿ’ ಅಂತಲೋ ಏನೋ ಹೆಸರಿಟ್ಟು. ಬರೀ ಕನ್ನಡದ ಹಾಳೆಗೆ ಇದನ್ನು ಲೋಡ್ ಮಾಡಿದರೆ ಎರಡನೇ ಚರಣಕ್ಕೆ ಎಡ್ವಿನ್ ಬಂದು ಮತ್ತೆ ಮೊದಲಿನ ಕಥೆ.

ಸೂಚನೆಗಳಿಗೆ ಟೆಕ್ಸ್ಟ್ ಸ್ಟೈಲ್ಸ್ ಪಟ್ಟಿಯ ಕೊನೆಯಲ್ಲಿ ಯೂಸರ್ 1ರಿಂದ 12ರವರೆಗೆ ಖಾಲಿ ಸ್ಟೈಲ್‌ಗಳಿವೆ, ನಮಗೆಂದೇ ಬಿಟ್ಟಿರುವುದು. ಯೂಸರ್ 1 ತೆಗೆದು ಹೆಸರು ‘ಕಾಯರ್ ಸೂಚನೆ’ ಅಂತ ಬದಲಿಸಿ. ನೋಟೊ ಸೆರಿಫ್ ಬೋಲ್ಡ್, 11, ಸುತ್ತ ಒಂದು ತೆಳು ಚೌಕಟ್ಟು. ಹಾಳೆಯಲ್ಲಿ ನೋಟ್ ಆಯ್ದು ಕಂಟ್ರೋಲ್ ಟಿ ಒತ್ತಿ ‘ಸ್ತ್ರೀಯರು ಮಾತ್ರ’ ಅಂತ ಬರೆದು, ಪ್ರಾಪರ್ಟೀಸ್‌ನಲ್ಲಿ ಟೆಕ್ಸ್ಟ್ ಸ್ಟೈಲ್ ಪಟ್ಟಿಯಿಂದ ‘ಕಾಯರ್ ಸೂಚನೆ’ ಆರಿಸಿ. ‘ಎಲ್ಲರೂ’ ಅನ್ನುವುದು ನಾಲ್ಕೂ ದನಿಗೆ ಅನ್ವಯ ಆಗುವುದರಿಂದ ಅದಕ್ಕೆ ಕಂಟ್ರೋಲ್ ಶಿಫ್ಟ್ ಟಿ. ಅದು ಸಿಸ್ಟಮ್ ಟೆಕ್ಸ್ಟ್, ಪಾರ್ಟ್‌ಗಳಿಗೂ, ಅಂದರೆ ಒಂದೊಂದು ದನಿ ಅಥವಾ ವಾದ್ಯದ ಬಿಡಿ ಹಾಳೆಗಳಿಗೂ, ಹೋಗುತ್ತದೆ.

ಪಾರ್ಟ್ ಅಂದಾಗ ನೆನಪಾಯಿತು. ಆರ್ಗನ್‌ಗೆ ಬೇರೆ ಪಾರ್ಟ್ ತೆಗೆಯುತ್ತೀರಲ್ಲ, ಪ್ರತಿ ಪಾರ್ಟ್‌ಗೂ ಅದರದ್ದೇ ಸ್ಟೈಲ್ ಇರುತ್ತದೆ. ಮುಖ್ಯ ಹಾಳೆಯಲ್ಲಿ ಮಾಡಿದ್ದು ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಒಂದು ಪಾರ್ಟ್ ತೆರೆದುಕೊಂಡು, ಅಲ್ಲಿ ನಿಮ್ಮ ಸ್ಟೈಲ್ ಫೈಲ್ ಲೋಡ್ ಮಾಡಿ, ಅಲ್ಲಿಂದ ಸ್ಟೈಲ್ ಕಿಟಕಿಗೆ ಹೋದರೆ ಕೆಳಗೆ ಅಪ್ಲೈ ಟು ಆಲ್ ಪಾರ್ಟ್ಸ್ ಬಟನ್ ಇದೆ. ಪ್ರಿಂಟಿಗೆ ಕೊಡುವ ಮುಂಚೆ ಅದನ್ನು ಒತ್ತಿ.

ಕರಾವಳಿ ಟೆನರ್

ಚೌಕಟ್ಟು ಚಂದ ಬಂತು. ಈ ಭಾನುವಾರದ ಅಭ್ಯಾಸಕ್ಕೆ ಎರಡು ಲಿಪಿಯದ್ದೇ ಹಾಳೆ ಕೊಡುತ್ತೇನೆ.

ಧಾರವಾಡ ಪೇಡೆ

ಮೂರು ಸಾಲಿನ ಉಪಾಯ ನನಗೂ ಕೈಗೆ ಬಂತು. ಪೂರಿಯಾ ಬರೆಯಲು ಕೂತಿದ್ದೇನೆ, ಬೇಸರ ಬರುತ್ತದೆ ಅಂದದ್ದು ಖರೇ.